ಅಮ್ಮನನ್ನು ಸೋಫಾದಲ್ಲಿ ಕೂರಿಸಬೇಡಿ

ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ದುಬೈಗೆ ಕರೆಸುತ್ತಿದ್ದೇವೆ, ಮಕ್ಕಳಿಗೆ ಅವರಿಂದ ಕನ್ನಡ ಕಲಿಸುವುದು ಹೇಗೆ ಎಂದು ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಕಲಿಸಿ ಎಂದು ಹೇಳಲೇಬೇಡಿ. ಅವರಿಗೆ ಬೇಕಾದ ಕೆಲಸ ಮಾಡಲು ಬಿಡಿ, ಮನೆ ಸ್ವಲ್ಪ ಗಲೀಜಾಗಲಿ. ನನ್ನದು ಇಷ್ಟೇ.

ನನ್ನ ಅಮ್ಮನನ್ನು ನೋಡಿ ಹೇಳುತ್ತಿದ್ದೇನೆ. ಹೋದ ಆಟಿಯಲ್ಲಿ, ಅಂದರೆ ಮಳೆಗಾಲದ ತುಳು ತಿಂಗಳಲ್ಲಿ, ತೀರಿಕೊಂಡಳು.

ಕಾಸರಗೋಡಿನ ಬದಿಯಡ್ಕದಿಂದ ಒಳಗೆ ನಮ್ಮ ಮನೆ. ಗುಡ್ಡದ ಸುರಂಗದಿಂದ ಬರುವ ನೀರು, ಸ್ವಲ್ಪ ಅಡಿಕೆ ತೋಟ, ಎರಡು ದನ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಮ್ಮ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು. ಮಲಯಾಳ ಓದುವುದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಬಸ್ಸಿನ ಬೋರ್ಡು ಮತ್ತು ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೇಪರು ನೋಡಿ ನೋಡಿ ಕಲಿತಳು. 1967ರಲ್ಲಿ ಗಡಿ ವಿವಾದಕ್ಕೆ ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತಲ್ಲ, ಅದು ಜಾರಿಗೆ ಬರಲೇ ಇಲ್ಲ. ಅಜ್ಜ ಜಗಲಿಯಲ್ಲಿ ಕೂತು ಈ ವಿಷಯ ತೆಗೆದರೆ ಅಮ್ಮ, "ನಾವು ಯಾವ ರಾಜ್ಯದಲ್ಲಿದ್ದರೂ ದನಕ್ಕೆ ಹುಲ್ಲು ನಾನೇ ಹಾಕಬೇಕು" ಎಂದು ಹಟ್ಟಿಗೆ ನಡೆಯುತ್ತಿದ್ದಳು.

ಬೆಳಿಗ್ಗೆ ಹಟ್ಟಿ, ಮಧ್ಯಾಹ್ನ ತೋಟ, ಸಂಜೆ ಹೊಲಿಗೆ ಮಿಷನ್. ಆಸುಪಾಸಿನ ಮನೆಗಳ ರವಿಕೆ ಎಲ್ಲ ಅವಳದೇ ಹೊಲಿಗೆ. ಉಳಿದ ಚಿಂದಿಯಲ್ಲಿ ದಿಂಬಿನ ಚೀಲ, ನಮ್ಮ ಶಾಲೆ ಚೀಲ, ಬಾಗಿಲ ತೋರಣ. ಅಡಿಕೆ ಹಾಳೆ ಸಿಕ್ಕಿದರೆ ಬೀಸಣಿಗೆ ಮಾಡಿ ಅಂಚಿಗೆ ಬಣ್ಣದ ಬಟ್ಟೆ ಹೊಲಿಯುವಳು. ಹಾಳೆಗೆ ಅಂಚು ಯಾಕೆ ಎಂದು ಅಪ್ಪ ಕೇಳಿದರೆ, ಸುಮ್ನೆ, ಚಂದ ಕಾಣಲಿ ಅಂತ. ದುಡ್ಡಿಗಾಗಿ ಮಾಡಿದ್ದು ಎಷ್ಟು, ಖುಷಿಗೆ ಮಾಡಿದ್ದು ಎಷ್ಟು ಎಂದು ನನಗೆ ಇವತ್ತಿಗೂ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಗಲ್ಫಿನ ಮಕ್ಕಳ ಕಷ್ಟ ನಿಮಗೆ ಗೊತ್ತೇ ಇದೆ. ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಊರಲ್ಲಿ ಮಾವು ಹಲಸು ಮುಗಿದಿರುತ್ತದೆ, ಮೇ ಕೊನೆಯ ಪತ್ತನಾಜೆಗೇ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಬರೀ ಮಳೆ. ಅಮ್ಮ ಅದಕ್ಕಾಗಿ ಏಪ್ರಿಲ್‌ನಿಂದಲೇ ತಯಾರಿ ನಡೆಸುತ್ತಿದ್ದಳು. ಮಾವಿನ ರಸ ಒಣಗಿಸಿದ ಮಾಂಬಳ, ಹಲಸಿನ ಹಪ್ಪಳ, ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಣಿ, ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ. ಮಕ್ಕಳು ಬಂದ ಮೇಲೆ ಸೊಳೆ ರೊಟ್ಟಿ ತಟ್ಟಲು ಅವರನ್ನೇ ಕೂರಿಸುತ್ತಿದ್ದಳು. ತಟ್ಟು, ತೆಳು ಮಾಡು, ಹರಿಯಿತು ನೋಡು, ಅಂಚು ಒತ್ತು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಎಷ್ಟು ಮಾತು ಕಿವಿಗೆ ಬಿದ್ದಿರುತ್ತದೆ ಲೆಕ್ಕ ಹಾಕಿ.

ಇಲ್ಲಿ ದುಬೈಗೆ ಬರುವುದೆಂದರೆ ಮಾತ್ರ ಅವಳಿಗೆ ತಲೆಬಿಸಿ, ಯಾಕೆಂದರೆ ಇಲ್ಲಿ ಹವೆ ಹಿತವಾಗಿರುವ ತಿಂಗಳುಗಳಲ್ಲೇ ಅಲ್ಲಿ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ. ಬಂದಾಗ ನಾವು ರಿಮೋಟ್ ಕೈಗೆ ಕೊಟ್ಟೆವು. ಎರಡು ದಿನ ಟಿವಿ ನೋಡಿದಳು, ಮೂರನೇ ದಿನ ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆ ಎಲ್ಲ ಹಾಲಿನಲ್ಲಿ ಹರಡಿ ಕತ್ತರಿ ಕೇಳಿದಳು. ಅದರಿಂದ ಮಾಡಿದ್ದು ಯಕ್ಷಗಾನದ ಕಿರೀಟ! ಚಾಕೊಲೇಟಿನ ಬಂಗಾರದ ಕಾಗದ, ಹೆಂಡತಿಯ ಹರಿದ ಸರದ ಮಣಿ, ರಟ್ಟಿನ ಭುಜಕೀರ್ತಿ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯವಳಲ್ವಾ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವಳು. ಮಗ ವಾಲಿ, ಮಗಳು ಸುಗ್ರೀವ. ನಿಯಮ ಒಂದೇ: ಕಿರೀಟ ತಲೆಯ ಮೇಲಿರುವಷ್ಟು ಹೊತ್ತು ಇಂಗ್ಲಿಷ್ ಮಾತು ಬಾಯಲ್ಲಿ ಬರಬಾರದು, ಬಂದರೆ ಕಿರೀಟ ಇನ್ನೊಬ್ಬರಿಗೆ. ಆಟದಲ್ಲಿ ವೇಷಧಾರಿಗಳು ಇಂಗ್ಲಿಷ್ ಬೆರೆಸದೆಯೇ ಅರ್ಥ, ಅಂದರೆ ಮಾತು, ಹೇಳುತ್ತಾರಲ್ಲ, ಅದೇ ಕ್ರಮ. ಆಮೇಲೆ ಕೆಲವು ವಾರ ನಾನು ಆಫೀಸಿನಿಂದ ಬಂದರೆ ಮಗ ಬಾಗಿಲಲ್ಲಿ ನಿಂತು "ಎಲವೋ, ಯಾರು ನೀನು" ಎನ್ನುತ್ತಿದ್ದ.

ವಾರಾಂತ್ಯದ ಕನ್ನಡ ತರಗತಿ ಬೇಡ ಎನ್ನುತ್ತಿಲ್ಲ. ಅಕ್ಷರ ಬಂದದ್ದು ಅಲ್ಲಿಂದಲೇ, ಅಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮಗ ಈಗಲೂ ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಆದರೆ ಊರಿಗೆ ಹೋದರೆ ತೋಟದವರ ಹತ್ತಿರ, ದೊಡ್ಡಮ್ಮನ ಹತ್ತಿರ ಹರಟೆ ಹೊಡೆಯುತ್ತಾನೆ, ಜಗಳವನ್ನೂ ಮಾಡುತ್ತಾನೆ. ನನಗೆ ಅದು ಜಾಸ್ತಿ ಮುಖ್ಯ.

ಹಾಗಾಗಿ ಅಪ್ಪ ಅಮ್ಮ ಬರುವ ಮೊದಲೇ ಅವರ ಕೈಗೆ ಏನು ರೂಢಿ ಎಂದು ಯೋಚಿಸಿ. ಕೆಲವರಿಗೆ ಬಾಲ್ಕನಿಯಲ್ಲಿ ಒಂದು ಬಕೆಟ್ ಮಣ್ಣು, ಬಸಳೆ ದಂಟು ಸಾಕು. ಹೊಲಿಗೆ ಮಿಷನ್ ಇಲ್ಲಿ ಹಳೆಯದು ಸಿಗುತ್ತದೆ. ನಮ್ಮದನ್ನು ಕೊಡಲಾರೆ, ಮಗಳು ಹೊಲಿಯುತ್ತಾಳೆ. ಹಪ್ಪಳ ಒತ್ತುವ ಮಣೆ ಇದೆ, ಬೇಕಾದವರು ಕೇಳಿ. ಹಪ್ಪಳವನ್ನು ಬಾಲ್ಕನಿ ಕಂಬಿಯ ಮೇಲೆ ಹೊರಗೆ ಕಾಣುವ ಹಾಗೆ ಮಾತ್ರ ಒಣಗಿಸಬೇಡಿ, ವಾಚ್‌ಮನ್ ಮೇಲೆ ಬರುತ್ತಾನೆ.