ಕಲಬುರಗಿ, ಮೂರನೇ ಮಹಡಿ ಬಾಡಿಗೆ ಮನೆ: ಕೂಲರ್ ಸಾಕಾ, ಎಸಿ ಬೇಕಾ? ಅತ್ತೆಯವರಿಗೆ ಬಿಸಿಲು ತಡೆಯುತ್ತಿಲ್ಲ

ತೀರ್ಥಹಳ್ಳಿಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ನಮ್ಮ ಯಜಮಾನರಿಗೆ ವರ್ಗವಾಗಿ ಕಲಬುರಗಿಗೆ ಬಂದಿದ್ದೇವೆ. ಇದು ಇಲ್ಲಿ ನಮ್ಮ ಮೊದಲ ಬೇಸಿಗೆ. ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ. ಅದರ ಮೇಲೆ ಬರೀ ತಾರಸಿ. ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆ. ರಾತ್ರಿ ಹನ್ನೊಂದಕ್ಕೆ ಆ ಗೋಡೆಗೆ ಅಂಗೈ ಇಟ್ಟರೂ ಬಿಸಿ ತಾಗುತ್ತದೆ. ಫ್ಯಾನ್ ಹಾಕಿದರೆ ಮೇಲಿನ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರಿಗೆ ಕೈ ಒಡ್ಡೋಕಾಗಲ್ಲ.

ನಮ್ಮಿಬ್ಬರದು ಹೇಗೋ ನಡೆಯುತ್ತದೆ. ಇಲ್ಲಿ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ. ಅದರಿಂದ ಇವರಿಗೆ ಅನುಕೂಲವಾಗಿದೆ. ನನ್ನ ಚಿಂತೆ ಅತ್ತೆಯವರದು. ಅವರಿಗೆ 74 ವರ್ಷ. ಬಿಪಿ ಮಾತ್ರೆ ಇದೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇದೆ. ಮಂಡಿ ನೋವು ಜಾಸ್ತಿ. ಪದೇಪದೇ ಬಚ್ಚಲಿಗೆ ಏಳಬೇಕಾಗುತ್ತದೆ ಅಂತ ನೀರೇ ಕುಡಿಯುವುದಿಲ್ಲ. ಲೋಟ ಕೈಗಿಟ್ಟರೆ "ಬಾಯಾರಿಕೆ ಇಲ್ಲ ಕಣೆ" ಅಂತ ಪಕ್ಕಕ್ಕೆ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಮಲಗಿಬಿಡುತ್ತಾರೆ. ನನಗೆ ಭಯವಾಗುತ್ತದೆ.

ಎಸಿಗಾಗಿ ಗೋಡೆ ಕೊರೆಯಬಾರದು ಅಂತ ಮನೆ ಮಾಲೀಕರು ಹೇಳಿದ್ದಾರೆ. ಹದಿನೈದು ಸಾವಿರದವರೆಗೆ ಖರ್ಚು ಮಾಡಬಹುದು. ಕೂಲರ್ ತಗೊಂಡರೆ ಆಗುತ್ತಾ? ಬೇರೆ ಏನಾದರೂ ದಾರಿ ಇದೆಯಾ? ಇಲ್ಲೇ ಹುಟ್ಟಿ ಬೆಳೆದವರು ಹೇಗೆ ಬೇಸಿಗೆ ಕಳೆಯುತ್ತೀರಿ ಅಂತ ಹೇಳಿದರೆ ದೊಡ್ಡ ಉಪಕಾರ.

ಬ್ರಹ್ಮಪುರದ ನಿವೃತ್ತ ಟೀಚರ್:

ತಂಗಿ, ಮೊದಲು ದುಡ್ಡು ತೆಗೆಯಬೇಡ. ನಿನ್ನ ಮನೆಯ ತೊಂದರೆ ತಾರಸಿಯದು. ಅದನ್ನು ಸರಿ ಮಾಡದೆ ಕೂಲರ್ ತಂದರೂ ಅಷ್ಟೇ, ಎಸಿ ತಂದರೂ ಅಷ್ಟೇ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಪೂರ್ತಿ ಆ ಝಳವನ್ನು ಕೆಳಗೆ ಬಿಡುತ್ತದೆ. ನಮ್ಮೂರಿನವರು ಹಗಲಿನ 43 ಡಿಗ್ರಿ ತಡೆದುಕೊಳ್ಳುತ್ತಾರೆ. ರಾತ್ರಿ ನಿದ್ದೆ ಇಲ್ಲದಿದ್ದರೆ ಮಾತ್ರ ಮಾರನೆಯ ದಿನ ಯಾರಿಗೂ ಆಗುವುದಿಲ್ಲ. ವಯಸ್ಸಾದವರಿಗಂತೂ ರಾತ್ರಿಯ ಸೆಕೆಯೇ ಹೆಚ್ಚು ಕಷ್ಟ.

ನಾನು ಹುಟ್ಟಿದ್ದು ಮಾಳಿಗೆ ಮನೆಯಲ್ಲಿ. ಕಲ್ಲು ಮಣ್ಣಿನ ಗೋಡೆ, ಒಂದು ಮೊಳಕ್ಕಿಂತ ದಪ್ಪ. ಮೇಲೆ ಕಟ್ಟಿಗೆ ಹಾಸಿ ಮಣ್ಣು ಮೆತ್ತಿದ್ದರು. ನಡುವೆ ಬೆಳಕಿಂಡಿ. ಹೊರಗೆ ಬೆಂಕಿ ಬಿದ್ದರೂ ಒಳಗೆ ಮಧ್ಯಾಹ್ನ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿತ್ತು. ಆ ಮನೆಗಳನ್ನು ಕೆಡವಿ ನಾವೆಲ್ಲ ನಾಲ್ಕಿಂಚಿನ, ಐದಿಂಚಿನ ಸ್ಲ್ಯಾಬು ಹಾಕಿಸಿದೆವು. ನನಗೆ ಇವತ್ತಿಗೂ ಆ ಸಂಕಟ ಇದೆ.

ಇರಲಿ, ನಿನ್ನ ಕೆಲಸಕ್ಕೆ ಬರುತ್ತೇನೆ. ತಾರಸಿಗೆ ಸುಣ್ಣ ಬಳಿಸು. ಬಿಳಿ ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬು ಅಷ್ಟು ಕಾಯುವುದಿಲ್ಲ. ಮೊದಲು ಪೊರಕೆಯಿಂದ ಗುಡಿಸಿ, ಪಾಚಿ ಇದ್ದರೆ ತಿಕ್ಕಿ ತೊಳೆಯಬೇಕು. ಸುಣ್ಣದ ಪುಡಿಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಬೇಕು. ಅದಕ್ಕೆ ಫೆವಿಕಾಲ್ ಕಲಸಿದರೆ ಕೈಗೆ ಅಂಟದೆ ನಿಲ್ಲುತ್ತದೆ. ದಪ್ಪ ಮಜ್ಜಿಗೆಯ ಹದಕ್ಕೆ ಬರಬೇಕು. ಸ್ಲ್ಯಾಬಿಗೆ ಸ್ವಲ್ಪ ನೀರು ಚಿಮುಕಿಸಿ ಒಂದು ಕೈ ಬಳಿಯಬೇಕು. ಅದು ಒಣಗಿದ ಮೇಲೆ ಅಡ್ಡಡ್ಡ ಇನ್ನೊಂದು ಕೈ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಯಾರನ್ನೂ ಕೆಲಸಕ್ಕೆ ಬಿಡಬೇಡ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಳೆ ಬಿದ್ದ ಮೇಲೆ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಅಂಗಡಿಯಲ್ಲಿ ಕೂಲ್ ರೂಫ್ ಪೇಂಟ್ ಅಂತ ಸಿಗುತ್ತದೆ, ಅದು ಹಲವು ವರ್ಷ ನಿಲ್ಲುತ್ತದೆ. ಆದರೆ ಬಾಡಿಗೆ ಮನೆಗೆ ನೀನು ಅಷ್ಟು ಖರ್ಚು ಮಾಡಬೇಕಿಲ್ಲ.

ಮಾಲೀಕರು ಒಪ್ಪದಿದ್ದರೆ ಹೇಳು, ಇದು ಹಳ್ಳಿ ಮದ್ದಲ್ಲ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಗೆ ತುಂಬ ಜನ ಸತ್ತರು. ಆಮೇಲೆ 2013ರಲ್ಲಿ ಆ ನಗರ ಹೀಟ್ ಆ್ಯಕ್ಷನ್ ಪ್ಲಾನ್ ಮಾಡಿಕೊಂಡಿತು. ಮುಂದೆ ಅಲ್ಲಿ ಬಡವರ ಮನೆಗಳ ಸೂರಿಗೆ ಬಿಳಿ ಸುಣ್ಣ ಬಳಿಸಿದರು. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿದೆ. ನಮ್ಮ ಊರಿಗೆ ಇದು ಯಾವತ್ತೋ ಬರಬೇಕಿತ್ತು.

ಸಂಜೆ ತಾರಸಿಗೆ ನೀರು ಹೊಯ್ಯಿ ಅಂತ ಹೇಳುವವರು ಸಿಗುತ್ತಾರೆ. ತಂಪಾಗುವುದು ನಿಜ. ಆದರೆ ಬೇಸಿಗೆಯಲ್ಲಿ ಇಲ್ಲಿ ನೀರಿಗೆ ಎಷ್ಟು ಪರದಾಟ ಅಂತ ನೀನೇ ನೋಡುತ್ತಿದ್ದೀಯಲ್ಲ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಇದ್ದರೆ ಹಾಕು. ಒಳ್ಳೆ ನೀರು ಬೇಡ.

ಕಿಟಕಿ ಬೆಳಿಗ್ಗೆ ಒಂಬತ್ತರ ಒಳಗೆ ಮುಚ್ಚಿಬಿಡು. ಪರದೆ ಒಳಗಡೆ ಹಾಕಿದರೆ ಅರ್ಧ ಲಾಭ. ಗಾಜು ಕಾಯುವ ಮೊದಲೇ ಬಿಸಿಲು ತಡೆಯಬೇಕು, ಹೊರಗಡೆ ಬಿದಿರಿನ ಚಾಪೆಯೋ ಗೋಣಿತಾಟೋ ಇಳಿಬಿಡು. ಸೂರ್ಯ ಮುಳುಗಿ ಹೊರಗೆ ತಂಪಾದ ಮೇಲೆ ಎದುರುಬದುರು ಕಿಟಕಿ ತೆರೆ. ಸ್ನಾನದ ನೀರನ್ನು ಬೆಳಿಗ್ಗೆಯೇ ಬಕೆಟ್ಟಿನಲ್ಲಿ ಹಿಡಿದು ನೆರಳಲ್ಲಿಡು. ಅತ್ತೆಯವರ ಫೋಮ್ ಹಾಸಿಗೆ ತೆಗೆದು ಹತ್ತಿಯ ಕೌದಿ ಹಾಸು, ಫೋಮು ಬೆನ್ನಿನ ಶಾಖವನ್ನು ಅಲ್ಲೇ ಹಿಡಿದಿಡುತ್ತದೆ. ನೆಲ ಶಹಾಬಾದ್ ಕಲ್ಲಿನದಾದರೆ ಮಧ್ಯಾಹ್ನ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸು.

ಊಟ ಹಗುರ ಇರಲಿ. ನಮ್ಮಲ್ಲಿ ಜೋಳದ ಅಂಬಲಿ, ಮಜ್ಜಿಗೆ, ಜೊತೆಗೆ ಹಸಿ ಉಳ್ಳಾಗಡ್ಡಿ. ಮಣ್ಣಿನ ಹರವಿ ಒಂದು ತಂದಿಡು. ಒಳಗಡೆ ಸೋಪು ಹಾಕಿ ತೊಳೆಯಬೇಡ. ಕೆಳಗೆ ಮರಳು ಹಾಸಿ ಅದನ್ನು ಒದ್ದೆ ಇಟ್ಟರೆ ನೀರು ತಂಪಾಗಿರುತ್ತದೆ.

ಕೂಲರ್ ರಿಪೇರಿ:

ಟೀಚರಮ್ಮ ಹೇಳಿದ್ದು ಸರಿ ಇದೆ. ಅಕ್ಕಾರೆ, ಕೂಲರ್ ಬಗ್ಗೆ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ ಮಾಡುತ್ತೇನೆ.

ನಮ್ಮ ಊರಿನ ಬಿಸಿಲು ಒಣ ಬಿಸಿಲು. ಕೂಲರ್ ಇಂಥ ಕಡೆಗೇ ಹೇಳಿ ಮಾಡಿಸಿದ್ದು. ಪ್ಯಾಡಿನ ನೀರು ಆವಿಯಾಗುವಾಗ ಗಾಳಿಯ ಶಾಖ ತಗೊಂಡು ಹೋಗುತ್ತದೆ. ಏಪ್ರಿಲ್ ಮಧ್ಯಾಹ್ನ ಒಳ್ಳೆ ಕೂಲರ್ ಹೊರಗಿನ ಗಾಳಿಯನ್ನು ಹತ್ತು ಹನ್ನೆರಡು ಡಿಗ್ರಿ ಇಳಿಸಿ ಒಳಗೆ ಬಿಡುತ್ತದೆ. ಅದೇ ಮಂಗಳೂರಿಗೆ ತಗೊಂಡು ಹೋದರೆ ಬರೀ ಜಿಗುಟು.

ಎಲ್ಲರೂ ಮಾಡುವ ತಪ್ಪು ಒಂದೇ. ಕೂಲರನ್ನು ಕೋಣೆಯ ಮಧ್ಯೆ ಇಟ್ಟು ಬಾಗಿಲು ಕಿಟಕಿ ಮುಚ್ಚುತ್ತಾರೆ. ಒಂದು ಗಂಟೆಯಲ್ಲಿ ಗಾಳಿಯ ತುಂಬ ನೀರು. ಹಾಸಿಗೆ ತಣ್ಣಗೆ ಅಂಟುತ್ತದೆ, ಬೆವರು ಆರುವುದಿಲ್ಲ. ಕೂಲರಿನ ಬೆನ್ನು ಕಿಟಕಿಗೆ ಇರಬೇಕು, ಹೊರಗಿನ ಗಾಳಿ ಎಳೆಯಬೇಕು. ಎದುರುಗಡೆ ಬಾಗಿಲೋ ಕಿಟಕಿಯೋ ಒಂದು ಗೇಣು ತೆರೆದಿರಬೇಕು. ಬಂದ ಗಾಳಿ ಹೊರಗೆ ಹೋದರೇನೇ ಹೊಸ ತಂಪು ಬರುವುದು. ಸಾಧ್ಯವಿದ್ದರೆ ಪಶ್ಚಿಮದ ಕಿಟಕಿ ಬಿಟ್ಟು ನೆರಳಿರುವ ಕಡೆ ಇಡಿ.

ಇಲ್ಲಿನ ಬೋರ್ ನೀರು ಗಡಸು. ಪ್ಯಾಡಿಗೆ ಬಿಳಿ ಉಪ್ಪು ಕಟ್ಟುತ್ತದೆ, ಆಮೇಲೆ ನೀರು ಇಳಿಯುವುದಿಲ್ಲ, ಗಾಳಿಯೂ ಬರುವುದಿಲ್ಲ. ಹುಲ್ಲಿನ ಪ್ಯಾಡನ್ನು ಪ್ರತಿ ಬೇಸಿಗೆ ಬದಲಿಸಿ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ತಿಕ್ಕಿ, ಒಣಗಿಸಿ. ಡೆಂಗಿ ಸೊಳ್ಳೆ ಇಂಥ ನೀರಲ್ಲೇ ಮೊಟ್ಟೆ ಇಡುತ್ತದೆ.

ಇನ್ನೊಂದು ಮಾತು, ದಯವಿಟ್ಟು ಕೇಳಿ. ತಗಡಿನ ಕೂಲರ್ ಆದರೆ ಮನೆಯ ಅರ್ಥಿಂಗ್ ಸರಿ ಇದೆಯಾ ಅಂತ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ನೀರು ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಒದ್ದೆ ನೆಲ, ಬರಿಗಾಲು, ತಗಡು. ಶಾಕ್ ಹೊಡೆಸಿಕೊಂಡವರನ್ನು ಪ್ರತಿ ಬೇಸಿಗೆ ನೋಡುತ್ತೇನೆ.

ನಿಮ್ಮ ಬಜೆಟ್ಟಿನಲ್ಲಿ ಒಳ್ಳೆ ಕೂಲರ್ ಬರುತ್ತದೆ, ಸುಣ್ಣಕ್ಕೂ ಉಳಿಯುತ್ತದೆ.

ಬೆಂಗಳೂರು ಬನಶಂಕರಿ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮಲ್ಲೂ ಈಗ ಮೊದಲಿನ ಹವೆ ಇಲ್ಲ. 2016ರ ಏಪ್ರಿಲ್‌ನಲ್ಲಿ 39.2, 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ ಆಗಿತ್ತು. ಬೆಂಗಳೂರಿಗೆ ಕೂಲರ್ ನಡೆಯುತ್ತಾ ಅಣ್ಣಾ?

ಕೂಲರ್ ರಿಪೇರಿ:

ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಿಮ್ಮಲ್ಲೂ ಒಣ ಹವೆಯೇ, ನಡೆಯುತ್ತದೆ ಸರ್. ಮೇ ತಿಂಗಳ ಮಳೆ ಶುರುವಾದ ಮೇಲೆ ನೀರು ನಿಲ್ಲಿಸಿ ಬರೀ ಫ್ಯಾನಿನ ಹಾಗೆ ಹಾಕಿಕೊಳ್ಳಿ.

ತೀರ್ಥಹಳ್ಳಿಯವಳು:

ಟೀಚರ್, ಅಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾಲೀಕರ ಹತ್ತಿರ ಮಾತಾಡಿದೆ. ಸುಣ್ಣಕ್ಕೆ ಒಪ್ಪಿದರು, ಕೂಲಿಯ ಅರ್ಧ ತಾವೇ ಕೊಡುತ್ತಾರಂತೆ. ಅತ್ತೆಯವರ ಬಗ್ಗೆ ಯಾರಾದರೂ ತಿಳಿದವರು ಹೇಳುತ್ತೀರಾ? ಸುಸ್ತು ಯಾವುದು, ಅಪಾಯ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಕರೆಂಟ್ ಹೋದರೆ ಇನ್ಸುಲಿನ್ ಏನು ಮಾಡಲಿ?

ವಾರ್ಡ್ ನರ್ಸ್, ರಾಯಚೂರು:

ನಿಮ್ಮ ಭಯ ಸರಿಯಾಗೇ ಇದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಮ್ಮಿಯಾಗುತ್ತದೆ. "ಬಾಯಾರಿಕೆ ಇಲ್ಲ" ಅಂತ ಅವರು ಹೇಳುವುದು ಸುಳ್ಳಲ್ಲ, ಮೈಗೆ ಮಾತ್ರ ನೀರು ಬೇಕಾಗಿರುತ್ತದೆ. ದೊಡ್ಡ ಲೋಟ ಕೊಟ್ಟರೆ ಕುಡಿಯುವುದಿಲ್ಲ. ಗಂಟೆಗೊಮ್ಮೆ ಅರ್ಧ ಲೋಟ ಕೊಡಿ. ನೀವೂ ಪಕ್ಕದಲ್ಲಿ ಕೂತು ಕುಡಿಯಿರಿ. ಹಗಲಲ್ಲಿ ಹೆಚ್ಚು, ರಾತ್ರಿ ಎಂಟರ ನಂತರ ಕಮ್ಮಿ ಮಾಡಿದರೆ ನಿದ್ದೆ ಕೆಡುವುದಿಲ್ಲ. ಮಂಡಿ ನೋವಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಏಳುವ ಕಷ್ಟ ತಪ್ಪಿದರೆ ಅವರೇ ನೀರು ಕೇಳಿ ಕುಡಿಯುತ್ತಾರೆ. ಇದನ್ನು ನಮ್ಮ ವಾರ್ಡಿನಲ್ಲಿ ಎಷ್ಟೋ ಅಜ್ಜಿಯರಲ್ಲಿ ನೋಡಿದ್ದೇನೆ.

ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡುತ್ತವೆ. ಬೇಸಿಗೆಯಲ್ಲಿ ಡೋಸ್ ಬದಲಿಸಬೇಕಾ ಅಂತ ಡಾಕ್ಟರನ್ನು ಕೇಳಿ. ನೀವೇ ನಿಲ್ಲಿಸಬೇಡಿ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದರೆ ಎಷ್ಟು ನೀರು ಅನ್ನುವುದನ್ನೂ ಅವರೇ ಹೇಳಬೇಕು. ಮಜ್ಜಿಗೆಗೆ ಉಪ್ಪು ಜಾಸ್ತಿ ಬೇಡ. ಓಆರ್‌ಎಸ್ಸನ್ನು ದಿನವಿಡೀ ಶರಬತ್ತಿನಂತೆ ಕುಡಿಸಬೇಡಿ, ಅದರಲ್ಲಿ ಸಕ್ಕರೆ, ಉಪ್ಪು ಎರಡೂ ಇದೆ. ವಾಂತಿ ಭೇದಿ ಆದಾಗ ಅಥವಾ ಬೆವರಿ ತೀರಾ ಬಳಲಿದಾಗ ಕೊಡಬಹುದು. ದೊಡ್ಡ ಪ್ಯಾಕೆಟ್ ಒಂದಕ್ಕೆ ಪೂರ್ತಿ ಒಂದು ಲೀಟರ್ ನೀರು. ಲೋಟಕ್ಕೆ ಸ್ವಲ್ಪ ಸ್ವಲ್ಪ ಪುಡಿ ಹಾಕಿ ಕಲಸುವುದು ತಪ್ಪು.

ಈಗ ಅಪಾಯದ ಮಾತು. ತಲೆನೋವು, ಸುಸ್ತು, ವಾಕರಿಕೆ, ಕಾಲು ಸೆಳೆತ ಬಂದರೆ ನೆರಳಲ್ಲಿ ಮಲಗಿಸಿ, ನೀರು ಕೊಡಿ, ಮೈ ಒರೆಸಿ. ಮಾತು ತೊದಲಿದರೆ, ಅಸಂಬದ್ಧ ಮಾತಾಡಿದರೆ, ನಿಮ್ಮ ಗುರುತು ಸಿಗದೆ ನೋಡಿದರೆ, ಮೈ ಮುಟ್ಟಲಾರದಷ್ಟು ಬಿಸಿ ಇದ್ದರೆ ಅದು ಹೀಟ್ ಸ್ಟ್ರೋಕ್ ಆಗಿರಬಹುದು. ಮೈಯ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಅಂತಿಲ್ಲ, ಬಿಸಿಲಲ್ಲಿ ದುಡಿಯುವವರಲ್ಲಿ ಬೆವರುತ್ತಲೇ ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ನೆ ಕಾಯಬೇಡಿ. ಸೀರೆ ಸಡಿಲಿಸಿ, ಮೈಮೇಲೆ ನೀರು ಹಾಕುತ್ತಾ ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ತಣ್ಣನೆ ಬಟ್ಟೆ ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಕೊಡಬೇಡಿ, ಈ ಶಾಖಕ್ಕೆ ಅದು ಕೆಲಸ ಮಾಡುವುದಿಲ್ಲ. ಅವರಿಗೆ ಇನ್ಸುಲಿನ್ ಇರುವುದರಿಂದ ಇನ್ನೊಂದು ವಿಷಯ. ಸಕ್ಕರೆ ಇಳಿದಾಗಲೂ ತೊದಲುತ್ತಾರೆ. ಮನೆಯಲ್ಲಿ ಗ್ಲುಕೋಮೀಟರ್ ಇರಲಿ, ಅದನ್ನೂ ನೋಡಿ.

ಕೋಣೆಯೊಳಗೆ 40 ದಾಟಿದರೆ ಒಣ ಮೈಗೆ ಬರೀ ಫ್ಯಾನ್ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಆ ಗಾಳಿ ಮೈಯನ್ನು ಇನ್ನೂ ಕಾಯಿಸುತ್ತದೆ. ಕೋಣೆಗೆ ಒಂದು ಥರ್ಮಾಮೀಟರ್ ತೂಗುಹಾಕಿ.

ಇನ್ಸುಲಿನ್: ತೆರೆಯದ ಬಾಟಲಿ ಫ್ರಿಜ್ಜಿನಲ್ಲೇ ಇರಲಿ, ಫ್ರೀಜರಿನಲ್ಲಿ ಅಲ್ಲ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಒಂದು ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನದರಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ಫ್ರಿಜ್ಜಿನಷ್ಟು ತಂಪು ಆಗುವುದಿಲ್ಲ, ಕೋಣೆಯ ಬಿಸಿಯಿಂದ ಮಾತ್ರ ಉಳಿಯುತ್ತದೆ.

ಬ್ರಹ್ಮಪುರದ ನಿವೃತ್ತ ಟೀಚರ್:

ನರ್ಸಮ್ಮ ಹೇಳಿದ್ದನ್ನು ಬರೆದು ಅಡುಗೆಮನೆ ಗೋಡೆಗೆ ಅಂಟಿಸು ತಂಗಿ.

ಒಂದು ವಿಷಯ ಬಿಟ್ಟುಹೋಗಿತ್ತು. ಸುಣ್ಣದವರನ್ನು ಮಧ್ಯಾಹ್ನ ತಾರಸಿ ಹತ್ತಿಸಬೇಡ. ಬೆಳಿಗ್ಗೆ ಆರಕ್ಕೆ ಬಂದು ಒಂಬತ್ತಕ್ಕೆ ಇಳಿಯಲಿ, ಉಳಿದದ್ದು ಸಂಜೆ ಐದರ ಮೇಲೆ. ಒಂದು ದಿನದ ಕೆಲಸ ಎರಡು ದಿನ ಆಗುತ್ತದೆ, ಕೂಲಿ ಎರಡು ದಿನದ್ದು ಕೊಡು. ಹಾಗೇ ಗೇಟಿನ ಪಕ್ಕ ನೆರಳಲ್ಲಿ ಒಂದು ಹರವಿ ನೀರು, ಒಂದು ಲೋಟ ಇಡು. ಮೊದಲೆಲ್ಲ ಬೇಸಿಗೆ ಬಂತೆಂದರೆ ಊರಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಕಸ ಒಯ್ಯುವವರು, ತರಕಾರಿ ಗಾಡಿಯವರು, ಪಾರ್ಸೆಲ್ ತರುವ ಹುಡುಗರು, ಇವರು ಯಾರಿಗೂ ಒಂದೂವರೆಗೆ ಕಚೇರಿ ಮುಗಿಯುವುದಿಲ್ಲ.

ತೀರ್ಥಹಳ್ಳಿಯವಳು:

ಹಾಗೇ ಮಾಡುತ್ತೇನೆ ಟೀಚರ್. ಇವತ್ತು ಎರಡು ಹರವಿ ತರುತ್ತೇವೆ. ಕಮೋಡ್ ಕುರ್ಚಿಗೆ ಅತ್ತೆಯವರು ಮೊದಲು ಬೇಡ ಅಂದರು. ರಾತ್ರಿಗೆ ಮಾತ್ರ ಅಂತ ಹೇಳಿ ಒಪ್ಪಿಸಿದ್ದೇನೆ. ಸುಣ್ಣದವರು ಸೋಮವಾರ ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಫೆವಿಕಾಲ್ ಎಷ್ಟು ಹಾಕಬೇಕು ಅಂತ ಅವರಿಗೇ ಗೊತ್ತಿರುತ್ತದಾ, ಅಥವಾ ನಾನು ಹೇಳಬೇಕಾ?

ಬ್ರಹ್ಮಪುರದ ನಿವೃತ್ತ ಟೀಚರ್:

ಅವರಿಗೆ ಗೊತ್ತಿರುತ್ತದೆ. ಮೂಲೆಯಲ್ಲಿ ಒಂದು ಕೈಯಗಲ ಬಳಿಸಿ ನೋಡು. ಒಣಗಿದ ಮೇಲೆ ಬೆರಳಿಂದ ಉಜ್ಜಿದರೆ ಪುಡಿ ಬಂದರೆ ಇನ್ನಷ್ಟು ಹಾಕಿಸು.