ಸಕ್ರೆಬೈಲು, ಮಂಡಗದ್ದೆ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿಂದ ಅಕ್ಕನ ಇಬ್ಬರು ಮಕ್ಕಳು ಬರ್ತಿದ್ದಾರೆ, ಜೊತೆಗೆ ನಮ್ಮ ಅಮ್ಮನೂ ಹೊರಡುತ್ತಾರೆ. ಮುಂದಿನ ಭಾನುವಾರ ಸಕ್ರೆಬೈಲು ಆನೆ ಬಿಡಾರ ನೋಡಿಕೊಂಡು, ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗೋಣ ಅಂತಿದ್ದೇವೆ.

ಹೋದ ವರ್ಷ ಆರಾಮಾಗಿ ತಿಂಡಿ ಮುಗಿಸಿ ಹೊರಟು, ಮಧ್ಯಾಹ್ನ ಹನ್ನೆರಡೂವರೆಗೆ ತಲುಪಿದ್ದೆವು. ಆನೆಗಳೆಲ್ಲ ಆಗಲೇ ಮೇಯೋಕೆ ಕಾಡಿಗೆ ಹೋಗಿದ್ದವು! ನೀರಿನ ಪಕ್ಕದ ಕೆಸರಲ್ಲಿ ತಟ್ಟೆಯಗಲದ ಹೆಜ್ಜೆ ಗುರುತು, ಒಂದಿಷ್ಟು ಲದ್ದಿ, ಅಷ್ಟೇ. ಚಿಕ್ಕವನು ಆ ಹೆಜ್ಜೆಯೊಳಗೆ ತನ್ನ ಎರಡೂ ಕಾಲು ಇಟ್ಟು ನಿಂತು ಅತ್ತ. ತಪ್ಪು ನಮ್ಮದೇ ಬಿಡಿ, ಆನೆಗಳ ಸ್ನಾನ ನಡೆಯೋದು ಬೆಳಗ್ಗೆ ಅಂತ ಊರಿಗೆಲ್ಲ ಗೊತ್ತು.

ಈಗ ಕೇಳಬೇಕಾಗಿದ್ದು: ಶಿವಮೊಗ್ಗದಿಂದ 14 ಕಿ.ಮೀ. ಅಲ್ವಾ, ಭಾನುವಾರದ ರಶ್ಶಲ್ಲಿ ಎಷ್ಟು ಗಂಟೆಗೆ ಅಲ್ಲಿದ್ದರೆ ಒಳ್ಳೆಯದು? ಅಮ್ಮನಿಗೆ ಮಂಡಿನೋವು. ಗಾಡಿ ನಿಲ್ಲಿಸಿದಲ್ಲಿಂದ ನೀರಿನ ಹತ್ತಿರಕ್ಕೆ ಜಾಸ್ತಿ ನಡೆಯಬೇಕಾ, ಕೂರೋಕೆ ಜಾಗ ಇದೆಯಾ? ಆನೆಗಳ ಬಗ್ಗೆ ಮಕ್ಕಳಿಗೆ ಬಿಡಿಸಿ ಹೇಳುವವರು ಯಾರಾದರೂ ಸಿಗುತ್ತಾರಾ? ದೊಡ್ಡವಳದು ಪ್ರಶ್ನೆ ಮುಗಿಯೋದೇ ಇಲ್ಲ, ನನಗೋ ಸೊಂಡಿಲು, ದಂತದ ಆಚೆ ಏನೂ ಗೊತ್ತಿಲ್ಲ.

ಮಂಡಗದ್ದೆಯಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿವೆಯಾ? ಈ ವಾರ ಆ ಕಡೆ ಹೋದವರು ಒಂದು ಫೋಟೋ ಹಾಕಿ ಪ್ಲೀಸ್. ಹೊಳೆ ತುಂಬಿ ಹರೀತಿದ್ದರೆ ಅದನ್ನೂ ಹೇಳಿ.

ಇಂಬಳ ಇದೆಯಾ ಅಂತ ಕೇಳೋದಿಲ್ಲ, ಸುಣ್ಣದ ಡಬ್ಬಿ ಅಮ್ಮ ಆಗಲೇ ಬ್ಯಾಗಿಗೆ ಹಾಕಿದ್ದಾರೆ.