ಪದಚರ್ಚೆ: ‘ಡೊಮೇನ್’ ಮತ್ತು ‘ರೆಲ್ಮ್’ – ಎರಡಕ್ಕೂ ಬೇರೆ ಬೇರೆ ಪದ ಬೇಕು, ಅರ್ಜೆಂಟ್

ಎಲ್ರಿಗೂ ನಮಸ್ಕಾರ. ದೈತ್ಯ ವೈರಸ್‌ಗಳ ಬಗ್ಗೆ ಪ್ರದರ್ಶನದ ಫಲಕವೊಂದನ್ನ ಕನ್ನಡಕ್ಕೆ ತರ್ತಾ ಇದೀನಿ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತೆ. ವರ್ಗೀಕರಣದ ಹಂತಗಳಲ್ಲಿ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ ಇವೆಲ್ಲ ಪಠ್ಯಪುಸ್ತಕದಲ್ಲೇ ಇವೆ, ಅದಕ್ಕಿಂತ ಮೇಲಿನ ಹಂತಕ್ಕೆ ಹೋದ್ರೆ ತೊಡಕು. ಜೀವಿಗಳಿಗಾದ್ರೆ ಡೊಮೇನ್, ವೈರಸ್‌ಗಳಿಗಾದ್ರೆ ರೆಲ್ಮ್, ಕನ್ನಡದಲ್ಲಿ ಎರಡಕ್ಕೂ ‘ಕ್ಷೇತ್ರ’ ಅಂತ ಹಾಕಿದ್ರೆ ವಾಕ್ಯ ಹೀಗಾಗುತ್ತೆ: “ಇವು ನಾಲ್ಕನೇ ಕ್ಷೇತ್ರವಲ್ಲ, ವೇರಿಡ್ನವಿರಿಯಾ ಎಂಬ ಕ್ಷೇತ್ರಕ್ಕೆ ಸೇರಿವೆ.” ಓದೋರು ಏನಂತ ಅರ್ಥ ಮಾಡ್ಕೋಬೇಕು?

---

ಡೊಮೇನ್ = ಕ್ಷೇತ್ರ. ರೆಲ್ಮ್ = ಮಂಡಲ. ಇದರಲ್ಲಿ ಚರ್ಚೆ ಮಾಡೋಕೆ ಏನೂ ಇಲ್ಲ. ಜೊತೆಗೆ ‘ವೈರಸ್’ ತೆಗೆದು ‘ವಿಷಾಣು’ ಮಾಡಿ, ಒಳ್ಳೇ ಪದ ಇರುವಾಗ ಸಾಲ ಯಾಕೆ.

---

ವಿಷಾಣು ಖಂಡಿತ ಬೇಡ. ಅಣು ಅಂದ್ರೆ ಅತಿ ಸಣ್ಣದು, ಇಲ್ಲಿ ಮಾತಾಡ್ತಾ ಇರೋದು ಸಾಮಾನ್ಯ ಮೈಕ್ರೋಸ್ಕೋಪಲ್ಲೇ ಕಾಣೋ ವಸ್ತು ಬಗ್ಗೆ. 1992ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಕೂಲಿಂಗ್ ಟವರ್ ನೀರಲ್ಲಿ ಮಿಮಿವೈರಸ್ ಅನ್ನೋ ದೈತ್ಯ ವೈರಸ್ ಸಿಕ್ಕಾಗ ಬ್ಯಾಕ್ಟೀರಿಯಾ ಅಂತಾನೇ ತಿಳ್ಕೊಂಡಿದ್ರು, ವೈರಸ್ ಅಂತ ಪ್ರಕಟವಾಗಿದ್ದು 2003ರಲ್ಲಿ. ಇನ್ನು ‘ದೈತ್ಯ’ ಅಂದ್ರೆ ದಿತಿಯ ಮಗ, ಆ ಪದದ ಬೇರಲ್ಲಿ ಗಾತ್ರದ ಸುಳಿವೇ ಇಲ್ಲ. ನಂಜು ಇದೆ, ಅದರಿಂದ ನಂಜುಳ, ದೊಡ್ಡದಕ್ಕೆ ಹಿರಿನಂಜುಳ. ಡೊಮೇನ್‌ಗೆ ನಾಡು, ರೆಲ್ಮ್‌ಗೆ ಸೀಮೆ. ಕನ್ನಡದ್ದೇ ಬೇರಿಂದ ಕಟ್ಟದಿದ್ರೆ ಈ ಪದಚರ್ಚೆಗೆ ಅರ್ಥಾನೇ ಇಲ್ಲ.

---

> ಕನ್ನಡದ್ದೇ ಬೇರಿಂದ ಕಟ್ಟದಿದ್ರೆ

ಸೀಮೆ ಸಂಸ್ಕೃತದ ಸೀಮಾ, ಸರ್. ನಂಜು ಅಂದ್ರೂ ವಿಷವೇ, ಅಂದ್ರೆ ‘ವೈರಸ್’ ಪದಕ್ಕೆ ಲ್ಯಾಟಿನ್ನಲ್ಲಿದ್ದ ಹಳೇ ಅರ್ಥಾನೇ ಮತ್ತೆ ಹೊತ್ಕೊಂಡು ಬಂದ ಹಾಗಾಯ್ತು. ಆಮ್ಲಜನಕದಲ್ಲಿ ಆಗಿದ್ದೂ ಇದೇ, ಆಮ್ಲಗಳಲ್ಲೆಲ್ಲ ಆಕ್ಸಿಜನ್ ಇರುತ್ತೆ ಅಂತ ರಸಾಯನಶಾಸ್ತ್ರಜ್ಞ ಲವಾಸಿಯೇ ತಪ್ಪಾಗಿ ನಂಬಿ ಇಟ್ಟ ಹೆಸರನ್ನ ನಾವು ತಪ್ಪಿನ ಸಮೇತ ಅನುವಾದ ಮಾಡಿಟ್ಕೊಂಡ್ವಿ. ಇನ್ನೊಂದು ದೈತ್ಯ ವೈರಸ್ ಪಂಡೋರಾವೈರಸ್ ಅಮೀಬಾದೊಳಗೆ ಬೆಳೆಯೋದು, ಅದಕ್ಕೆ ನಂಜಿನ ಹಣೆಪಟ್ಟಿ ಯಾಕೆ? ವೈರಸ್ ಕನ್ನಡ ಪದ ಆಗಿ ಎಷ್ಟೋ ಕಾಲ ಆಯ್ತು. ಡೊಮೇನ್, ರೆಲ್ಮ್ ಎರಡನ್ನೂ ಹಾಗೇ ಬಿಡಿ.

---

ಎಲ್ರೂ ಬೇರು ಹುಡುಕ್ತಾ ಇದೀರಿ, ಪದ ಮಾಡಬೇಕಾದ ಕೆಲಸ ಏನು ಅಂತ ಯಾರೂ ನೋಡ್ತಿಲ್ಲ. ಜೀವವಿಜ್ಞಾನಿ ವೂಸ್ 1990ರಲ್ಲಿ ಮಾಡಿದ ಮೂರು ಡೊಮೇನ್‌ಗಳು ರೈಬೋಸೋಮಿನ (ಜೀವಕೋಶದಲ್ಲಿ ಪ್ರೋಟೀನ್ ತಯಾರಿಸೋ ಭಾಗ) ಆರ್‌ಎನ್‌ಎ ಹೋಲಿಸಿ ಮಾಡಿದ್ದು, ಮೂರಕ್ಕೂ ಮೂಲ ಒಂದೇ. ವೈರಸ್‌ಗೆ ರೈಬೋಸೋಮೇ ಇಲ್ಲ, ಆ ಮರದಲ್ಲಿ ಅದನ್ನ ಕೂರಿಸೋಕೆ ಅಳತೆಗೋಲೇ ಇಲ್ಲ. ರೆಲ್ಮ್‌ಗಳಿಗೋ ಒಂದಕ್ಕೊಂದು ಸಮಾನ ಪೂರ್ವಜ ಇರಬೇಕು ಅಂತಾನೇ ಇಲ್ಲ, ವೇರಿಡ್ನವಿರಿಯಾವನ್ನ ಒಂದುಗೂಡಿಸಿರೋದು ಮುಖ್ಯವಾಗಿ ಹೊರಕವಚದ ಪ್ರೋಟೀನಿನ ರಚನೆ. 2004ರಲ್ಲಿ ಮಿಮಿವೈರಸ್ಸಿನ ಸುಮಾರು 12 ಲಕ್ಷ ಬೇಸ್ ಜೋಡಿಗಳ ಜೀನೋಮ್ (ಪೂರ್ತಿ ಡಿಎನ್‌ಎ) ಪ್ರಕಟವಾದಾಗ ಪ್ರೋಟೀನ್ ತಯಾರಿಕೆಗೆ ಬೇಕಾದ ಕೆಲವು ಜೀನ್‌ಗಳೂ ಅದರಲ್ಲಿ ಕಂಡ್ವು, ದೈತ್ಯ ವೈರಸ್‌ಗಳು ನಾಲ್ಕನೇ ಡೊಮೇನ್ ಅನ್ನೋ ವಾದಕ್ಕೆ ಬಲ ಬಂದಿದ್ದು ಅಲ್ಲಿಂದ. ಕ್ಲೋಸ್ನ್ಯೂವೈರಸ್ ಅನ್ನೋ ದೈತ್ಯ ವೈರಸ್‌ಗಳ ಬಗ್ಗೆ 2017ರಲ್ಲಿ ಬಂದ ಅಧ್ಯಯನದ ಪ್ರಕಾರ ಇವು ಅಂಥ ಜೀನ್‌ಗಳನ್ನ ಬೇರೆ ಬೇರೆ ಆತಿಥೇಯ ಜೀವಿಗಳಿಂದ ಬೇರೆ ಬೇರೆ ಕಾಲದಲ್ಲಿ ಎತ್ಕೊಂಡಿವೆ, ಸಣ್ಣ ವೈರಸ್‌ಗಳೇ ಹಿಗ್ಗಿ ದೊಡ್ಡದಾಗಿವೆ. ಹಾಗಿರುವಾಗ ರೆಲ್ಮ್‌ಗೆ ಅಧಿಕ್ಷೇತ್ರ, ಉಪಕ್ಷೇತ್ರ ಇಂಥದ್ದೇನಾದ್ರೂ ಹಾಕಿದ್ರೆ ಒಂದು ಇನ್ನೊಂದರ ಒಳಗಿದೆ ಅಂತ ಆಗುತ್ತೆ. ಕ್ಷೇತ್ರದ ಜೊತೆ ಯಾವ ನಂಟೂ ಕಾಣದ ಪದ ಬೇಕು. ಮಂಡಲ ಸರಿ ಇದೆ.

---

ಮಂಡಲ ಅಂದ್ರೆ ದುಂಡಗಿನದು. ಯಾವುದಾದ್ರೂ ಒಂದು ಸಂಸ್ಕೃತ ಪದ ಸಿಕ್ಕಿದ್ರೆ ಸಾಕು ನಿಮಗೆ. ‘ನಾಡು’ ಯಾಕೆ ಬೇಡ ಅಂತ ಒಬ್ಬರೂ ಹೇಳ್ಲಿಲ್ಲ.

---

ಸರ್, ನಾಡು ಅಂದ ತಕ್ಷಣ ಆ ವೈರಸ್ ಯಾವ ಊರಲ್ಲಿ ಸಿಗುತ್ತೆ ಅಂತ ಓದ್ಕೋತಾರೆ, ಅದೇ ಫಲಕದಲ್ಲಿ ಸೈಬೀರಿಯಾದ ಹಿಮನೆಲದಲ್ಲಿ ಸಿಕ್ಕ ಪಿಥೋವೈರಸ್ ಚಿತ್ರಾನೂ ಇದೆ. ಮಂಡಲ ಹಾಕ್ತಾ ಇದೀನಿ, ವೈರಸ್ ವೈರಸ್ಸಾಗೇ ಇರುತ್ತೆ. ಎರವಲು ಪದದ ವಾದಕ್ಕೆ ದಯವಿಟ್ಟು ಬೇರೆ ಎಳೆ ಶುರು ಮಾಡಿ. ಇನ್ನೊಂದು ಅನುಮಾನ ಉಳಿದಿದೆ: ಫೈಲಮ್‌ಗೆ ‘ವಂಶ’ ಅಂದಾಗ ಸಿಡುಬಿನ ವೈರಸ್ಸೂ ಮಿಮಿವೈರಸ್ಸೂ ಒಂದೇ ವಂಶ ಅಂತ ಬರೀಬೇಕಾಗುತ್ತೆ, ಅಂತರರಾಷ್ಟ್ರೀಯ ವೈರಸ್ ವರ್ಗೀಕರಣ ಸಮಿತಿಯ 2020ರ ಪಟ್ಟಿ ಪ್ರಕಾರ ಅದು ಸರೀನೇ, ಆದ್ರೆ ಒಂದರಿಂದ ಇನ್ನೊಂದು ಹುಟ್ಟಿದೆ ಅಂತ ಜನ ತಿಳ್ಕೋತಾರಾ? ಇವತ್ತು ರಾತ್ರಿ ಒಳಗೆ ಯಾರಾದ್ರೂ ಹೇಳಿ.